ಕುದುರೆಯೇರಿದವಳ ವಯಸ್ಸು

ಬೆಳಗಾವಿಯ ಚೆನ್ನಮ್ಮ ವೃತ್ತವನ್ನು ದಿನಕ್ಕೆ ಎರಡು ಸಲವಾದರೂ ದಾಟಬೇಕಾದವರಲ್ಲಿ ನಾನೂ ಒಬ್ಬಳು. ಎತ್ತರವಾದ ಪೀಠ, ಪೀಠದ ಮೇಲೆ ಕುದುರೆ, ಕುದುರೆಯ ಮೇಲೆ ಖಡ್ಗಧಾರಿಣಿಯಾದ ಕಿತ್ತೂರಿನ ರಾಣಿ. ನೋಡಿ ನೋಡಿ, ನೋಡಿದರೂ ಕಾಣದಂತಾಗಿಬಿಟ್ಟ ವಸ್ತುಗಳಲ್ಲಿ ಅದೂ ಒಂದಾಗಿತ್ತು. ಕಳೆದ ವರ್ಷ ಬಿ.ಎ. ತರಗತಿಯಲ್ಲಿ ಕಿತ್ತೂರಿನ ಲಾವಣಿಗಳ ಮಾತು ಬಂದಾಗ, “ಥ್ಯಾಕರೆ ಬಿದ್ದ ದಿವಸ ಚೆನ್ನಮ್ಮನಿಗೆ ಎಷ್ಟು ವಯಸ್ಸಾಗಿತ್ತು?” ಎಂದು ಸುಮ್ಮನೆ ಕೇಳಿದೆ. ಇಪ್ಪತ್ತು ಎಂದಳೊಬ್ಬಳು. ಇಪ್ಪತ್ತೈದು ಎಂದನೊಬ್ಬ. ಹಿಂದಿನ ಬೆಂಚಿನ ಉದಾರಿಯೊಬ್ಬ ಮೂವತ್ತರವರೆಗೆ ಏರಿಸಿದ. ಅದರ ಆಚೆಗೆ ಯಾರೂ ಹೋಗಲಿಲ್ಲ.

ಕಾಕತಿಯ ದೇಸಾಯರ ಮಗಳು ಹುಟ್ಟಿದುದು 1778ರಲ್ಲಿ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಸತ್ತುದು 1824ರ ಅಕ್ಟೋಬರ್ 23ರಂದು. ಕಳೆಯುವ ಲೆಕ್ಕ ಕಷ್ಟದ್ದಲ್ಲ: ನಲವತ್ತಾರು. ಗಂಡ ಮಲ್ಲಸರ್ಜ ತೀರಿಕೊಂಡು ಎಂಟು ವರ್ಷ ಕಳೆದಿದ್ದುವು. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಅದೇ ಸೆಪ್ಟೆಂಬರಿನಲ್ಲಿ ಮಣ್ಣಾಗಿದ್ದ. ದತ್ತಕವನ್ನು ಕುಂಪಣಿಯವರು ಒಪ್ಪಿರಲಿಲ್ಲ. ಬೊಕ್ಕಸಕ್ಕೆ ಮೊಹರು ಬಿದ್ದಿತ್ತು. ಆ ಅಕ್ಟೋಬರಿನಲ್ಲಿ ಕಿತ್ತೂರನ್ನು ಎತ್ತಿ ನಿಲ್ಲಿಸಿದವಳು ಮದುವಣಗಿತ್ತಿಯಲ್ಲ. ಸಾವುಗಳನ್ನು ಕಂಡು, ಸಂಸ್ಥಾನದ ಜಮಾಖರ್ಚು ತಿಳಿದು, ಸಾಹೇಬರೊಡನೆ ಕಾಗದಪತ್ರ ನಡೆಸಿ ಬೇಸತ್ತಿದ್ದ ನಡುವಯಸ್ಸಿನ ವಿಧವೆ.

ಹುಡುಗರನ್ನು ದೂರಿ ಫಲವಿಲ್ಲ. 1961ರಲ್ಲಿ ಬಿ.ಆರ್. ಪಂತುಲು ಅವರು ತೆಗೆದ ಚಿತ್ರದಲ್ಲಿ ಚೆನ್ನಮ್ಮನಾಗಿ ನಟಿಸಿದ ಬಿ. ಸರೋಜಾದೇವಿಯವರಿಗೆ ಆಗ ಇಪ್ಪತ್ತಮೂರು. ಅಭಿನಯದ ವಿಷಯದಲ್ಲಿ ನನ್ನ ತಕರಾರಿಲ್ಲ. ಅದನ್ನು ನೋಡಿ ಅತ್ತವರಲ್ಲಿ ನಾನೂ ಒಬ್ಬಳು. ಆದರೆ ಅಂದಿನಿಂದ ಕ್ಯಾಲೆಂಡರುಗಳಲ್ಲಿ, ಶಾಲೆಯ ಗೋಡೆಗಳ ಮೇಲೆ, ಮೆರವಣಿಗೆಯ ಗಾಡಿಗಳಲ್ಲಿ ರಾಣಿಗೆ ವಯಸ್ಸೇ ಆಗಿಲ್ಲ. ಕುದುರೆಯೇರುವ ಹೆಣ್ಣು ತರುಣಿಯೇ ಆಗಿರಬೇಕೆಂದು ನಾವೆಲ್ಲ ಒಳಗೊಳಗೇ ಒಪ್ಪಂದ ಮಾಡಿಕೊಂಡಂತಿದೆ.

ಇದು ನನ್ನನ್ನು ಏಕೆ ಚುಚ್ಚಿತೆಂದರೆ, ನನಗೂ ಈಗ ನಲವತ್ತಾರು. ಸ್ಕೂಟರು ತೆಗೆದುಕೊಂಡು ನಂದಗಡಕ್ಕೆ ಹೋಗಿ ಬರುತ್ತೇನೆಂದರೆ ಮನೆಯಲ್ಲಿ, “ಈ ವಯಸ್ಸಿನಾಗ ಒಬ್ಬಾಕಿನ ಯಾಕ?” ಎನ್ನುತ್ತಾರೆ. ಇದೇ ಮನೆಯಲ್ಲಿ ಇಪ್ಪತ್ತು ವರ್ಷಗಳ ಹಿಂದೆ, “ಈ ವಯಸ್ಸಿನಾಗ ಒಬ್ಬಾಕಿನ ಯಾಕ?” ಎಂದೇ ಅಂದಿದ್ದರು. ಹಾಗಾದರೆ ಒಬ್ಬಳೇ ಹೊರಡುವುದಕ್ಕೆ ತಕ್ಕ ವಯಸ್ಸು ಯಾವುದು?

ಕುದುರೆಯ ವಿಷಯವನ್ನೂ ಒಂದಿಷ್ಟು ಹೇಳಬೇಕು. ಈ ಊರಿನ ಇತಿಹಾಸದಲ್ಲಿ ಅದು ಬರಿಯ ವಾಹನವಾಗಿರಲಿಲ್ಲ. ಅರಬಸ್ತಾನದ ಕುದುರೆಗಳು ಹಡಗಿನಲ್ಲಿ ಗೋವೆಗೆ ಬಂದಿಳಿದು, ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ ಮೇಲಿನ ಬಯಲುಸೀಮೆಗೆ ಬರುತ್ತಿದ್ದುವು. ಘಟ್ಟದ ಬಾಯಿಯಲ್ಲಿ ಖಾನಾಪುರದ ಕಾಡು. ಕಾಡಿನ ಈಚೆಗೆ ಬೆಳಗಾವಿಯ ಕೋಟೆ. 1470ರ ದಶಕದ ಆರಂಭದಲ್ಲಿ ಬಹಮನಿಯ ಮಂತ್ರಿ ಮಹಮೂದ ಗವಾನನು ಗೋವೆಯನ್ನು ಹಿಡಿದು, ಬೆನ್ನಿಗೇ ಬೆಳಗಾವಿಯನ್ನೂ ಹಿಡಿದುದರಲ್ಲಿ ಈ ದಾರಿಯ ಆಸೆಯೂ ಇತ್ತು. 1510ರಲ್ಲಿ ಗೋವೆ ಪೋರ್ತುಗೀಜರ ವಶವಾದ ಮೇಲೆ ಕುದುರೆಯ ವ್ಯಾಪಾರದ ಲಗಾಮು ಅವರ ಕೈಗೆ ಹೋಯಿತು. ಅಂಥ ಕುದುರೆ ದೊರೆಗಳಿಗೆ ಮಾತ್ರ. ಉಳಿದವರಿಗೆ ದಖ್ಖಣದ ಗಿಡ್ಡ ತಟ್ಟುಗಳೇ ಗತಿ. ಅವುಗಳಲ್ಲಿ ಹೆಸರಾದುದು ಭೀಮಾನದಿಯ ದಂಡೆಯ ‘ಭೀಮಥಡಿ’. ಮರಾಠಿಯ ಈ ‘ಥಡಿ’ ನಮ್ಮ ‘ತಡಿ’ಯ ನೆಂಟನೇ. ಕನ್ನಡದ ಅಧ್ಯಾಪಕಿಯಾದ ನನಗೆ ಇಷ್ಟು ಹೇಳದೆ ಮುಂದೆ ಹೋಗಲಾಗದು, ವಾಚಕರು ಮನ್ನಿಸಬೇಕು.

ಬೆಳವಡಿಯ ಮಲ್ಲಮ್ಮನನ್ನೂ ಇಲ್ಲಿ ನೆನೆಯಬೇಕಾಗುತ್ತದೆ. 1678ರಲ್ಲಿ ದಕ್ಷಿಣದ ದಂಡಯಾತ್ರೆಯಿಂದ ಮರಳುತ್ತಿದ್ದ ಶಿವಾಜಿಯ ಸೈನ್ಯಕ್ಕೆ ಈ ದೇಸಾಯಣಿ ಅಡ್ಡನಿಂತ ಸುದ್ದಿ ರಾಜಾಪುರದ ಇಂಗ್ಲಿಷ್ ವರ್ತಕರ ಕಿವಿಗೂ ಬಿದ್ದಿತ್ತು. ಅಷ್ಟು ರಾಜ್ಯಗಳನ್ನು ಗೆದ್ದವನು ಒಬ್ಬ ದೇಸಾಯಣಿಯನ್ನು ಬಗ್ಗಿಸಲಾರದೆ ಕುಳಿತಿದ್ದಾನೆಂದು ಅವರು ಬೆರಗಿನಿಂದ ಬರೆದರು. ಧಾರವಾಡದ ಹತ್ತಿರದ ಯಾದವಾಡದ ಶಿಲ್ಪದಲ್ಲಿ ಶಿವಾಜಿಯ ತೊಡೆಯ ಮೇಲೆ ಕುಳಿತ ಕೂಸು ಆಕೆಯದೆಂದು ಪ್ರತೀತಿ. ಎಳೆಯ ಕೂಸಿನ ತಾಯಿ. ಎಂದರೆ ಮಲ್ಲಮ್ಮ ನಮ್ಮ ಕಲ್ಪನೆಯ ಚೌಕಟ್ಟಿಗೆ ತಕ್ಕವಳು. ಚೆನ್ನಮ್ಮನೇ ಅದರೊಳಗೆ ಹಿಡಿಯುವುದಿಲ್ಲ.

ಆದರೆ ಈ ಇಬ್ಬರೂ ಕುದುರೆಯೇರಿದುದು ನಾಡಿಗಾಗಿ. ಹಿಂದೆ ದಂಡು ಇತ್ತು. ಯಾವ ನಾಡೂ ದಂಡೂ ಇಲ್ಲದೆ, ವಯಸ್ಸಾದ ಮೇಲೆ, ದಾರಿ ಕರೆಯಿತೆಂದು ಹೊರಟವಳೊಬ್ಬಳು ಸಿಕ್ಕಾಳೆಯೇ ಎಂದು ಪುಸ್ತಕಗಳಲ್ಲಿ ಹುಡುಕುತ್ತ ಹೋದೆ. ಮೊದಲು ಸಿಕ್ಕವಳು ಇಸಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆ. ಚಿಕ್ಕಂದಿನಿಂದ ಬೆನ್ನುನೋವಿನ ರೋಗಿ. ಎರಡೂ ಕಾಲುಗಳನ್ನು ಒಂದೇ ಬದಿಗೆ ಇಳಿಬಿಟ್ಟು ಕೂಡುವುದೇ ಆ ಕಾಲದ ಕುಲೀನೆಯರ ಸವಾರಿ. ಹಾಗೆ ಕುಳಿತರೆ ಈಕೆಗೆ ಬೆನ್ನು ಹರಿದುಹೋಗುವಂತಾಗುತ್ತಿತ್ತು. 1873ರಲ್ಲಿ ಹವಾಯಿ ದ್ವೀಪಗಳಲ್ಲಿ ಗಂಡಸರಂತೆ ಎರಡೂ ಕಡೆಗೆ ಕಾಲು ಹಾಕಿ ಕುಳಿತು ನೋಡಿದಳು. ನೋವು ಹೋಯಿತು! 1889ರಲ್ಲಿ, ಐವತ್ತೇಳರ ವಿಧವೆಯಾಗಿ, ನಮ್ಮ ದೇಶಕ್ಕೆ ಬಂದು ಕಾಶ್ಮೀರದಿಂದ ಲಡಾಖಿನ ಕಣಿವೆಗಳನ್ನು ಕುದುರೆಯ ಮೇಲೆಯೇ ದಾಟಿದಳು. 1901ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಮೊರಾಕೊ ದೇಶದಲ್ಲಿ ಸಾವಿರ ಮೈಲಿಯ ಸವಾರಿ. ಅಲ್ಲಿಯ ಸುಲ್ತಾನ ಕೊಟ್ಟ ಕರಿಯ ಕುದುರೆಯನ್ನು ಹತ್ತುವುದಕ್ಕೆ ಆಕೆಗೆ ಏಣಿ ಬೇಕಾಗುತ್ತಿತ್ತಂತೆ. ಏಣಿ ಹಾಕಿಕೊಂಡು ಹತ್ತಿದಳು, ಅಷ್ಟೆ. ಆದರೆ ಆಕೆಗೆ ಸೇವಕರಿದ್ದರು, ಹಣವಿತ್ತು, ಬರೆದುದನ್ನು ಅಚ್ಚು ಹಾಕುವವರಿದ್ದರು.

ನನಗೆ ಹೆಚ್ಚು ಹತ್ತಿರದವಳೆನಿಸಿದವಳು ಬೇರೊಬ್ಬಳು: ಅಮೆರಿಕದ ಮೇನ್ ಪ್ರಾಂತದ ಬಡ ಒಕ್ಕಲಿಗಿತ್ತಿ ಆನಿ ವಿಲ್ಕಿನ್ಸ್. 1954ರಲ್ಲಿ ಆಕೆಗೆ ಅರವತ್ತೆರಡು ತುಂಬಿ ಅರವತ್ತಮೂರು ಸಮೀಪಿಸಿತ್ತು. ಕಾಯಿಲೆಯಿಂದ ಎದ್ದಿದ್ದಳು; ತೆರಿಗೆ ಕಟ್ಟಲಾಗದೆ ಹೊಲಮನೆ ಕೈಬಿಡುವುದರಲ್ಲಿತ್ತು. ನೀನು ಬದುಕುವುದು ಇನ್ನು ಕೆಲವೇ ವರ್ಷವಿದ್ದೀತು, ಆರಾಮವಾಗಿರು ಎಂದರು ವೈದ್ಯರು. ಎಲ್ಲಿ ಆರಾಮವಾಗಿರುವುದು? ಅನಾಥಾಲಯದಂಥ ಆಶ್ರಯದಲ್ಲಿ. ಆಕೆ ಟಾರ್ಜನ್ ಎಂಬ ಕುದುರೆಯೊಂದನ್ನು ಕೊಂಡು, ಗಂಡಸರ ಚಲ್ಲಣ ತೊಟ್ಟು, ನಾಯಿಯೊಂದನ್ನು ಜೊತೆಗೆ ಕರೆದುಕೊಂಡು, ಆ ನವೆಂಬರಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ಹೊರಟಳು. ಸಾಯುವ ಮೊದಲು ಪೆಸಿಫಿಕ್ ಸಮುದ್ರವನ್ನು ನೋಡಬೇಕೆಂಬುದೊಂದೇ ನೆವ. ಕೈಯಲ್ಲಿ ನಕಾಶೆಯೂ ಇರಲಿಲ್ಲ. ರಾತ್ರಿಯಾದ ಕಡೆ ಯಾರದೋ ಕೊಟ್ಟಿಗೆ, ಯಾರದೋ ಅಡಿಗೆಮನೆಯ ಮೂಲೆ. ಕೆಲವು ಊರುಗಳಲ್ಲಿ ಪೊಲೀಸರು ಖಾಲಿ ಲಾಕಪ್ಪಿನಲ್ಲಿಯೇ ಹಾಸಿಗೆ ಹಾಸಿಕೊಟ್ಟರು. ನಾಲ್ಕು ಸಾವಿರ ಮೈಲಿಗೂ ಮಿಗಿಲಾದ ದಾರಿ ಸವೆಸಿ 1956ರಲ್ಲಿ ಕ್ಯಾಲಿಫೋರ್ನಿಯ ಸೇರಿದಳು. ವೈದ್ಯರ ಕೆಲವೇ ವರ್ಷ ಇಪ್ಪತ್ತಾರಾಗಿ, 1980ರಲ್ಲಿ ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಆರಾಮವಾಗಿರು ಎಂಬ ಮಾತು ನನ್ನನ್ನು ಮತ್ತೆ ಚೆನ್ನಮ್ಮನ ಕಡೆಗೆ ಎಳೆಯಿತು. 1824ರ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದ ಮೇಲೆ ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿರಿಸಿದರು. ಅದು ಸೆರೆ. 1829ರ ಫೆಬ್ರವರಿಯಲ್ಲಿ ಆಕೆ ಅಲ್ಲಿಯೇ ಕಣ್ಣುಮುಚ್ಚಿದಳು, ಐವತ್ತು ವರ್ಷ. ಕುದುರೆಯ ಮೇಲೆ ಬೆಳೆದವಳನ್ನು ನಾಲ್ಕು ಗೋಡೆಗಳ ನಡುವೆ ನಾಲ್ಕು ವರ್ಷ ಕೂಡಿಸಿದುದರ ಚಿತ್ರವನ್ನು ಯಾವ ಕ್ಯಾಲೆಂಡರಿನವರೂ ಅಚ್ಚು ಹಾಕಿಲ್ಲ. ಆಕೆಯ ಬಂಟ ಸಂಗೊಳ್ಳಿ ರಾಯಣ್ಣ ಖಾನಾಪುರದ ಕಾಡುಗಳನ್ನೇ ಆಶ್ರಯಿಸಿ ಕುಂಪಣಿಯ ಕಚೇರಿಗಳಿಗೆ ಬೆಂಕಿಯಿಟ್ಟು ಹೋರಾಡಿದ. 1830ರಲ್ಲಿ ಸಿಕ್ಕಿಬಿದ್ದ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಆ ನಂದಗಡಕ್ಕೆ ಕೊನೆಗೆ ಹೋದೆ. ಜನವರಿಯ ಒಂದು ಭಾನುವಾರ, ಒಬ್ಬಳೇ, ಸ್ಕೂಟರಿನ ಮೇಲೆ. ಬೆಳಗಾವಿಯಿಂದ ಖಾನಾಪುರ ಇಪ್ಪತ್ತೈದು ಕಿಲೋಮೀಟರಿಗೆ ತುಸು ಹೆಚ್ಚು. ಮಲಪ್ರಭೆಯನ್ನು ದಾಟಿ ಮುಂದೆ ಸಾಗಿದರೆ, ಭತ್ತ ಕೊಯ್ದ ಗದ್ದೆಗಳ ಅಂಚಿನ ರಸ್ತೆಯ ತುಂಬ ಕುರಿ. ಸ್ಕೂಟರು ನಿಲ್ಲಿಸದೆ ಉಪಾಯವಿರಲಿಲ್ಲ. ಬೆಳಗಾವಿ ಜಿಲ್ಲೆಯ ಬಡಗಣ ಬಯಲುಸೀಮೆಯಿಂದ ಸುಗ್ಗಿಯ ನಂತರ ಹೀಗೆ ಕುರುಬರು ಮೇವು ಹುಡುಕಿಕೊಂಡು ಬರುತ್ತಾರೆ. ಗದ್ದೆಯಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಒಕ್ಕಲಿಗನಿಗೆ ಗೊಬ್ಬರ. ಇವರಿಗೆ ಕಾಳು ಅಥವಾ ದುಡ್ಡು. ಮಳೆಗಾಲ ಬರುವುದರೊಳಗೆ ಹಿಂದಿರುಗಬೇಕು. ಘಟ್ಟದ ಮಳೆಯನ್ನು ದಖ್ಖಣದ ಕುರಿ ತಾಳಲಾರದು.

ಮಂದೆಯ ಹಿಂದೆ ಒಂದು ಕೆಂಚು ಬಣ್ಣದ ತಟ್ಟು. ಅದರ ಬೆನ್ನ ಮೇಲೆ ಗುಡಾರದ ಬಟ್ಟೆ, ಬಲೆ, ಹಿಟ್ಟಿನ ಚೀಲ, ಬೋಗುಣಿ, ಕಾಲು ಕಟ್ಟಿದ ಎರಡು ಕೋಳಿ, ಅಂದು ಹುಟ್ಟಿದ್ದಿರಬೇಕು ಎನ್ನುವಂಥ ಒಂದು ಮರಿ, ಎಲ್ಲಕ್ಕೂ ಮೇಲೆ ಕಂಬಳಿಯಲ್ಲಿ ಹುದುಗಿ ನಿದ್ದೆಹೋಗಿದ್ದ ಎರಡು ವರ್ಷದ ಹುಡುಗ. ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದವಳು ಅರವತ್ತು ದಾಟಿದ ಮುದುಕಿ. ಗಂಡಸರು ಕುರಿಗಳೊಡನೆ ಎಲ್ಲೋ ಹಿಂದೆ ಮುಂದೆ ಇದ್ದರು. ಇಳಿದಾಣಕ್ಕೆ ಮೊದಲೇ ಹೋಗಿ ಒಲೆ ಹೂಡುವ ಕೆಲಸ ಆಕೆಯದು.

“ಯಾವ ಕಡೀಂದ ಬಂದೀರಬೇ?” ಎಂದೆ.

“ರಾಯಬಾಗದ ಕಡೀಂದ್ರಿ, ಬಾಯಾರ. ದೀಪಾವಳಿ ಮುಗಿಸಿ ಬಿಟ್ವಿ.”

ಎರಡು ತಿಂಗಳಿಗೂ ಹೆಚ್ಚಿನ ನಡಿಗೆ. ಎಷ್ಟು ವರ್ಷದಿಂದ ಎಂದರೆ, ಮದುವೆಯಾದಂದಿನಿಂದ ಎಂದಳು. ಎಷ್ಟು ವರ್ಷವಾಯಿತೆಂದು ಆಕೆಗೆ ಲೆಕ್ಕ ಬೇಕಿರಲಿಲ್ಲ. ವೃತ್ತದ ರಾಣಿ ನನ್ನ ತಲೆಯಲ್ಲಿದ್ದಳಾಗಿ ಕೇಳಿಯೇಬಿಟ್ಟೆ: “ನೀವು ಕುದರಿ ಮ್ಯಾಲೆ ಕುಂದ್ರೂದಿಲ್ಲೇನು?”

ಆಕೆ ನಕ್ಕಳು. “ಕುಂತಿದ್ನಿರಿ. ಇವನ ಅಪ್ಪನ್ನ ಹಡದ ಮೂರು ದಿನಕ್ಕ. ಮಂದಿ ನಿಲ್ಲಾಂಗಿಲ್ಲ, ಕುರಿ ನಿಲ್ಲಾಂಗಿಲ್ಲ. ಕೂಸು ಕಟಿಗೊಂಡು ಕುಂತು ಬಂದ್ನಿ. ಈಗ ಇವನ ಪಾಳಿ.” ನನ್ನ ಸ್ಕೂಟರನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಒಬ್ಬಾಕಿನ ಹೊಂಟೀರೇನು?” ಎಂದಳು. ಹೌದೆಂದೆ.

“ಹಂಗಾರ ಲಗೂ ಹೋಗ್ರಿ. ಮುಂದ ನೆಳ್ಳ ಇಲ್ಲ,” ಎಂದು ಹಗ್ಗ ಜಗ್ಗಿದಳು. ತಟ್ಟು ಹೆಜ್ಜೆ ಕಿತ್ತಿತು, ಮರಿ ಒಮ್ಮೆ ಕೂಗಿತು, ಹುಡುಗನಿಗೆ ಎಚ್ಚರವಾಗಲಿಲ್ಲ.