ಹಾರಲು ಅರ್ಹವೆಂಬ ತೀರ್ಮಾನ: ಬೆಂಗಳೂರಿನ ಎಂಜಿನ್ ಕಾರ್ಯಾಗಾರದ ಇತಿಹಾಸ ಕುರಿತು ಕೆಲವು ವಿಚಾರಗಳು

೧೯೫೧ನೆಯ ಇಸವಿ ಡಿಸೆಂಬರ್ ೨೫ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತ ಡಕೋಟ ವಿಮಾನವು ಬಜಪೆಯಲ್ಲಿಳಿದು ಮಂಗಳೂರಿನ ವಿಮಾನನಿಲ್ದಾಣವು ಉದ್ಘಾಟನೆಗೊಂಡಿತು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜನರಿಗೆ ಬಹುಕಾಲ ವಿಮಾನಪ್ರಯಾಣವೆಂದರೆ ಬಜಪೆಯೇ ಆಗಿತ್ತು. ಈ ಸಂಗತಿಯನ್ನು ಬರೆದವರು ನಿಲ್ದಾಣವನ್ನೂ ಅತಿಥಿಗಳನ್ನೂ ವರ್ಣಿಸಿರುವರು. ಆದರೆ ಅಂತಹ ವಿಮಾನವು ಹಾರಬಹುದೆಂದು ನಿರ್ಣಯಿಸುವ ವಿದ್ಯೆ ನಮ್ಮ ನಾಡಿನಲ್ಲಿ ಹೇಗೆ ನೆಲೆಗೊಂಡಿತೆಂಬ ಪ್ರಶ್ನೆಯೂ ಇತಿಹಾಸಕಾರನ ವಿಚಾರಣೆಗೆ ಯೋಗ್ಯವಾದುದು.

ಮೊದಲಿಗೆ ಕಡಲಿನ ಮಾತೊಂದು. ಗಂಗೊಳ್ಳಿಯ ಅಳಿವೆಯನ್ನು ಕಂಡವರಿಗೆ, ಹೊಳೆಯೊಳಗೆ ನಿಶ್ಚಿಂತೆಯಿಂದ ಓಡಾಡುವ ದೋಣಿಯು ಅಳಿವೆಯನ್ನು ದಾಟಲು ತಕ್ಕುದಾಗಿರಲೇಬೇಕೆಂದಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಯೋಗ್ಯವೇ ಎಂದು ಕೇಳಿದರೆ, ಏತಕ್ಕೆ, ಯಾವ ಋತುವಿನಲ್ಲಿ, ಯಾರನ್ನು ಹೊತ್ತು ಎಂಬ ಮರುಪ್ರಶ್ನೆ ಕೂಡಲೇ ಹುಟ್ಟುತ್ತದೆ. ವಿಮಾನದ ವಿಷಯದಲ್ಲಿಯೂ ಹೀಗೆಯೇ.

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದುದು ೧೯೪೦ರ ಡಿಸೆಂಬರ್‌ನಲ್ಲಿ. ಉದ್ದೇಶ ವಿಮಾನ ನಿರ್ಮಾಣ. ಯುದ್ಧವು ಈ ಉದ್ದೇಶವನ್ನು ಬದಲಿಸಿತು. ೧೯೪೩ರಲ್ಲಿ ಕಾರ್ಖಾನೆಯ ಆಡಳಿತವು ಅಮೆರಿಕದ ಸೇನಾ ವಾಯುದಳದ ಕೈಗೆ ಹೋಗಿ, ದುರಸ್ತಿಯೇ ಮುಖ್ಯ ಕಾರ್ಯವಾಯಿತು. ಕ್ಯಾಟಲಿನ ಎಂಬ ನೀರ್ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿಳಿದು ಇಲ್ಲಿಗೆ ಬರುತ್ತಿದ್ದವು. ಸಂಸ್ಥೆಯ ಚರಿತ್ರೆಯನ್ನು ಹೇಳುವವರು ಈ ವರ್ಷಗಳನ್ನು ಬೇಗನೆ ದಾಟಿ, ೧೯೫೧ರ ಆಗಸ್ಟ್‌ನಲ್ಲಿ ಹಾರಿದ ಎಚ್‌ಟಿ-೨ ತರಬೇತಿ ವಿಮಾನಕ್ಕೆ ಧಾವಿಸುವುದುಂಟು. ನಮಗೆ ಈ ಕ್ರಮ ಸರಿಯೆಂದು ತೋರುವುದಿಲ್ಲ.

ಕಾರಣವಿಷ್ಟೆ. ಕ್ಯಾಟಲಿನಕ್ಕೆ ಎರಡು, ಲಿಬರೇಟರ್ ಬಾಂಬರಿಗೆ ನಾಲ್ಕು, ಯುದ್ಧಕಾಲದ ಡಕೋಟಕ್ಕೆ ಎರಡು. ಈ ಮೂರಕ್ಕೂ ಇದ್ದುದು ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್ ಎಂಬ ಒಂದೇ ಕುಲದ ಎಂಜಿನ್. ಗಾಳಿಯಿಂದ ತಣಿಯುವ, ಏಳೇಳರಂತೆ ಎರಡು ಸುತ್ತುಗಳಲ್ಲಿ ೧೪ ಸಿಲಿಂಡರುಗಳುಳ್ಳ ಯಂತ್ರವಿದು. ಯುದ್ಧವಿಮಾನದ ಎಂಜಿನ್ ಬಿಚ್ಚಿ ಕಟ್ಟಿ ಕಲಿತ ಕೈಗಳಿಗೆ, ಯುದ್ಧಾನಂತರ ಸೇನೆಯ ಡಕೋಟಗಳನ್ನು ಪ್ರಯಾಣಿಕರ ವಿಮಾನಗಳನ್ನಾಗಿ ಮಾರ್ಪಡಿಸುವ ಕೆಲಸ ಬಂದಾಗ ಎಂಜಿನ್ ಅಪರಿಚಿತವಾಗಿರಲಿಲ್ಲ.

ನಿಗದಿಯಾದಷ್ಟು ಗಂಟೆ ಓಡಿದ ಎಂಜಿನ್ನನ್ನು ಇಳಿಸಿ, ಪೂರ್ಣವಾಗಿ ಬಿಚ್ಚಿ, ತೊಳೆದು, ಭಾಗಭಾಗದ ಸವೆತವನ್ನು ಅಳೆಯುವುದು ಅಂದಿನ ಪದ್ಧತಿ. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯಲು ಉಕ್ಕಿನ ಭಾಗವನ್ನು ಕಾಂತಗೊಳಿಸಿ ಕಬ್ಬಿಣದ ಪುಡಿಯನ್ನು ಹಾಯಿಸುವರು. ಬಿರುಕಿದ್ದಲ್ಲಿ ಪುಡಿಯು ಗೆರೆಯಾಗಿ ನಿಲ್ಲುತ್ತದೆ. ಮರಳಿ ಜೋಡಿಸಿ, ಪರೀಕ್ಷಾಪೀಠದಲ್ಲಿ ಓಡಿಸಿ, ಎಣ್ಣೆಯ ಸೋಸುಬಲೆಯಲ್ಲಿ ಲೋಹದ ಚೂರು ಸಿಕ್ಕಿದೆಯೇ ಎಂದು ನೋಡುವರು. ಇಷ್ಟಾದರೂ ತೀರ್ಮಾನ ಮುಗಿಯದು. ಪ್ರತಿ ಸಿಲಿಂಡರಿಗೆ ಎರಡು ಪ್ಲಗ್ಗು, ಅವಕ್ಕೆ ಕಿಡಿ ಕೊಡಲು ಎರಡು ಮ್ಯಾಗ್ನೆಟೊ. ಹಾರುವ ಮುನ್ನ ಚಾಲಕನು ಒಂದೊಂದನ್ನೇ ಆರಿಸಿ, ಎಂಜಿನ್ನಿನ ವೇಗ ಮಿತಿಮೀರಿ ಕುಗ್ಗಿದರೆ ಹಿಂದಿರುಗಬೇಕು. ವಿಮಾನದ ತುಂಬ ಜನ ಕುಳಿತಿರುವಾಗ ಹಿಂದಿರುಗುವುದು ಸುಲಭವಲ್ಲ.

ಲಿಬರೇಟರುಗಳ ಪ್ರಸಂಗವು ಇನ್ನೂ ಸ್ವಾರಸ್ಯಕರವಾಗಿದೆ. ಯುದ್ಧ ಮುಗಿದ ಮೇಲೆ ಮತ್ತೆ ಬಳಕೆಗೆ ಬಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಈ ವಿಮಾನಗಳಲ್ಲಿ ಸುಮಾರು ೪೦ನ್ನು ಬೆಂಗಳೂರಿನ ಸಂಸ್ಥೆ ೧೯೪೮ರಿಂದ ಪುನರುಜ್ಜೀವನಗೊಳಿಸಿತು. ಪೂರ್ಣ ದುರಸ್ತಿಗೆ ಬೇಕಾದ ಸಾಧನಗಳಿದ್ದುದು ಬೆಂಗಳೂರಿನಲ್ಲಿ. ಆದುದರಿಂದ ಒಂದೇ ಒಂದು ಪಯಣಕ್ಕೆ ಸಾಲುವಷ್ಟು ಅಲ್ಲಿಯೇ ಸರಿಪಡಿಸಿ, ಪರೀಕ್ಷಾಚಾಲಕ ಜಮ್‌ಶೆಡ್ ಮುನ್ಶಿ ಅವರು ಇಲ್ಲಿಗೆ ಹಾರಿಸಿ ತಂದರು. ಬೆಂಗಳೂರಿನವರೆಗೆ ಯೋಗ್ಯವೆನಿಸಿದ ವಿಮಾನವು ವಾಯುಪಡೆಯ ಸೇವೆಗೆ ಇನ್ನೂ ಯೋಗ್ಯವಲ್ಲ. ಹೊಳೆ ಮತ್ತು ಅಳಿವೆಗಳ ಭೇದವೇ ಇದು. ಹೀಗೆ ಎದ್ದ ಲಿಬರೇಟರುಗಳು ೧೯೬೮ರವರೆಗೆ ಹಾರಿದವು.

ನಾಗರಿಕ ವಿಮಾನಗಳಿಗೆ ಈ ಭೇದವನ್ನು ಶಾಸನವು ೧೯೩೭ರ ವಿಮಾನ ನಿಯಮಗಳಲ್ಲಿಯೇ ಬರೆದಿಟ್ಟಿತ್ತು: ಹಾರಾಟದ ಅರ್ಹತಾಪತ್ರ, ದಾಖಲೆ ಪುಸ್ತಕ, ಪರವಾನಗಿ ಪಡೆದ ಎಂಜಿನಿಯರು. ಸಂಸ್ಥೆಯ ಹೆಸರಿಗಿಂತಲೂ ಸಹಿ ಮಾಡಿದವನ ಹೊಣೆ ಇಲ್ಲಿ ದೊಡ್ಡದು.

ಜೆಟ್ ಯುಗದಲ್ಲಿ ಗಂಟೆಗಳ ಲೆಕ್ಕವು ಹಿಂದೆ ಸರಿಯಿತು. ೧೯೭೮ರಲ್ಲಿ ಅಮೆರಿಕದ ನೌಲನ್ ಮತ್ತು ಹೀಪ್ ಎಂಬುವರ ವರದಿಯು, ತಾವು ಪರಿಶೀಲಿಸಿದ ಭಾಗಗಳಲ್ಲಿ ಶೇಕಡಾ ೮೯ರಷ್ಟಕ್ಕೆ ವಯೋಮಿತಿಯಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಅಂದಿನಿಂದ ಎಂಜಿನ್ನಿನ ಸ್ಥಿತಿಯನ್ನೇ ಸದಾ ಗಮನಿಸುವ ಪದ್ಧತಿ ಬಲಗೊಂಡಿತು. ಆದರೂ ತೀರ್ಮಾನವು ಮನುಷ್ಯನಿಗೆ ತಪ್ಪಲಿಲ್ಲ. ೨೦೧೮ರಲ್ಲಿ ಎ-೩೨೦ ನಿಯೊ ವಿಮಾನಗಳ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ನುಗಳ ಒಂದು ಸರಣಿಯಲ್ಲಿ ಕಂಪ್ರೆಸರಿನ ಸೀಲು ದೋಷ ಕಂಡುಬಂದಿತು. ಎರಡೂ ಎಂಜಿನ್ನುಗಳು ಆ ಸರಣಿಯವಾದರೆ ಹಾರಕೂಡದು, ಒಂದೇ ಆದರೆ ಮಿತಿಯೊಳಗೆ ಹಾರಬಹುದು ಎಂದಿತು ಐರೋಪ್ಯ ಸುರಕ್ಷತಾ ಸಂಸ್ಥೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಮಾರ್ಚ್ ೧೨ರಂದು, ಅಂತಹ ಒಂದು ಎಂಜಿನ್ ಇದ್ದರೂ ಸಾಕು, ನಿಲ್ಲಿಸಿರಿ ಎಂದಿತು. ಇಂಡಿಗೋದ ೮, ಗೋಏರ್‌ನ ೩ ವಿಮಾನಗಳು ನಿಂತವು. ಅನೇಕ ಹಾರಾಟಗಳು ರದ್ದಾದವು.