ಮೊಲಕ್ಕೂ ಪುಟ ಬಿಟ್ಟುಕೊಟ್ಟ ತೆಜುಕಾ

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಜಪಾನಿನ ಒಸಾಕಾ ನಗರ ಬಾಂಬಿಗೆ ಸಿಕ್ಕಿ ಸುಟ್ಟುಹೋಗಿತ್ತು. ಕಾಗದಕ್ಕೆ ಬರ, ಮಕ್ಕಳ ಕೈಯಲ್ಲಿ ಪುಡಿಗಾಸು. ಅಂಥ ಊರಿನಲ್ಲಿ ಅಗ್ಗದ ಚಿತ್ರಪುಸ್ತಕಗಳ ಕಸುಬು ಮತ್ತೆ ಚಿಗುರಿತು. ಒರಟು ಹಾಳೆ, ಕಣ್ಣಿಗೆ ಹೊಡೆಯುವ ಕೆಂಪು ಮುದ್ರಣ. ‘ಅಕಾಹೊನ್’ ಎಂದು ಕರೆಯುತ್ತಿದ್ದ ಈ ಪುಸ್ತಕಗಳು ಮಿಠಾಯಿ ಅಂಗಡಿ, ಆಟಿಕೆ ಅಂಗಡಿಗಳಲ್ಲಿ ಬಿಕರಿಯಾಗುತ್ತಿದ್ದವು.

1947ರಲ್ಲಿ ಹೀಗೆ ಬಂದದ್ದು ‘ಶಿನ್ ತಕರಾಜಿಮಾ’ ಎಂಬ ನಿಧಿದ್ವೀಪದ ಸಾಹಸ. ಕಥೆಯ ಹಂದರ ಶಿಚಿಮಾ ಸಕಾಯಿ ಅವರದು. ಚಿತ್ರ ಬರೆದವರು ಒಸಾಮು ತೆಜುಕಾ, ಆಗಿನ್ನೂ ಹದಿನೆಂಟರ ವೈದ್ಯಕೀಯ ವಿದ್ಯಾರ್ಥಿ. ಪುಸ್ತಕ ತೆರೆದರೆ ಹುಡುಗನೊಬ್ಬ ಬಂದರಿನತ್ತ ಕಾರು ಓಡಿಸುತ್ತಿದ್ದಾನೆ. ನೋಡುವ ಕೋನ ಚೌಕದಿಂದ ಚೌಕಕ್ಕೆ ಬದಲಾಗುತ್ತದೆ, ಕತೆ ಮಾತ್ರ ಇನ್ನೂ ಶುರುವಾಗಿಲ್ಲ. ಪತ್ರಿಕೆಯ ನಾಲ್ಕು ಚೌಕದ ವ್ಯಂಗ್ಯಚಿತ್ರದಲ್ಲಿ ಇಷ್ಟು ಸಾವಕಾಶ ಎಲ್ಲಿಂದ ಬರಬೇಕು? ಇಡೀ ಪುಸ್ತಕವೇ ಒಂದು ಕತೆಯಾದಾಗ ಅದು ಸಾಧ್ಯವಾಯಿತು. ಸಿನಿಮಾದ ಕೋನಗಳನ್ನು ಚಿತ್ರಕತೆಗೆ ತಂದವರು ತೆಜುಕಾಗಿಂತ ಮೊದಲೂ ಇದ್ದರು. ಆದರೆ ಆ ಓಟ ಒಂದು ತಲೆಮಾರನ್ನೇ ಸೆಳೆಯಿತು. ಮುಂದೆ ಡೋರೇಮಾನ್ ಸೃಷ್ಟಿಸಿದ ಹಿರೋಶಿ ಫುಜಿಮೊಟೊ ಚಿಕ್ಕಂದಿನಲ್ಲಿ ಇದನ್ನೋದಿ ಬೆರಗಾದವರು.

ತೆಜುಕಾ ಬೆಳೆದ ತಕರಾಜುಕಾ ಊರಿನಲ್ಲಿ ಹೆಂಗಸರೇ ಎಲ್ಲ ಪಾತ್ರ ಮಾಡುವ ಹೆಸರಾಂತ ರಂಗತಂಡವಿತ್ತು. ಮನೆಯಲ್ಲಿ ಅಪ್ಪನ ಪ್ರೊಜೆಕ್ಟರ್, ಅದರಲ್ಲಿ ಡಿಸ್ನಿ, ಚಾಪ್ಲಿನ್ ಚಿತ್ರಗಳು. ಅವರ ಪಾತ್ರಗಳ ಅಗಲ ಹೊಳಪುಗಣ್ಣು, ದುಂಡು ಗೆರೆ ಬಂದದ್ದು ಅಲ್ಲಿಂದ. 1945ರ ಬಾಂಬ್ ದಾಳಿಯಲ್ಲಿ ಅವರು ಒಸಾಕಾದಲ್ಲೇ ಇದ್ದು ಬದುಕುಳಿದವರು. ಹಾಗಾಗಿ ಆ ದುಂಡು ಗೆರೆಯ ಲೋಕದಲ್ಲೂ ಸಾವು ನಿಜವಾದ ಸಾವೇ. ಮುದ್ದಾದ ಪಾತ್ರವೂ ಸಾಯುತ್ತದೆ.

ನನ್ನ ಮೆಚ್ಚಿನದು 1972ರಿಂದ 1983ರವರೆಗೆ ಧಾರಾವಾಹಿಯಾಗಿ ಬಂದ ‘ಬುದ್ಧ’. ಹಿಮದಲ್ಲಿ ಕುಸಿದ ಮುದುಕನಿಗೆ ಕರಡಿ, ನರಿ ಆಹಾರ ತಂದುಕೊಡುತ್ತವೆ. ಮೊಲಕ್ಕೆ ಏನೂ ಸಿಗುವುದಿಲ್ಲ, ಅದು ಬೆಂಕಿಗೆ ಹಾರುತ್ತದೆ. ನಾವು ಬಲ್ಲ ಜಾತಕ ಕತೆಯೇ. ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಇದಕ್ಕೆ ತೆಜುಕಾ ಮಾತಿಲ್ಲದ ಪುಟಗಳನ್ನೇ ಬಿಟ್ಟುಕೊಡುತ್ತಾರೆ. ಮೊಲ ಬರಿಗೈಯಲ್ಲಿ ಬಂದು ನಿಂತಾಗಿನ ಸಂಕೋಚವನ್ನು ನಾವು ಅದರ ಜೊತೆಗೇ ಅನುಭವಿಸುತ್ತೇವೆ. ಹಾಗೆಯೇ, ಬುದ್ಧನ ಕತೆಯಾದರೂ ಮೊದಲ ಸಂಪುಟದ ಬಹುಪಾಲು ಸಿದ್ಧಾರ್ಥನದಲ್ಲ, ಚಪ್ರ ಎಂಬ ಗುಲಾಮ ಹುಡುಗನದು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಮ್ಮ ದೋಸೆ ಹುಯ್ಯುವುದನ್ನು ಆರು ಚೌಕದಲ್ಲಿ, ಮಾತಿಲ್ಲದೆ ಬರೆಯಲು ಮಕ್ಕಳಿಗೆ ಹೇಳುತ್ತೇನೆ. ಹೆಚ್ಚಿನವರು ಕಾವಲಿ, ದೋಸೆ, ತಟ್ಟೆ ಬರೆದು ಮುಗಿಸುತ್ತಾರೆ. ಒಬ್ಬ ಹುಡುಗಿ ಕಾವಲಿಗೆ ಚಿಮುಕಿಸಿದ ನೀರು ಚುರ್ ಎನ್ನುವುದಕ್ಕೇ ಒಂದು ಚೌಕ ಕೊಟ್ಟಳು, ಅಮ್ಮ ಬೆವರೊರೆಸಿಕೊಳ್ಳುವುದಕ್ಕೆ ಇನ್ನೊಂದು. ಅವಳಿಗೆ ನಾನು ‘ಬುದ್ಧ’ದ ಮೊದಲ ಸಂಪುಟ ಓದಲು ಕೊಟ್ಟೆ.

1989ರ ಫೆಬ್ರವರಿ 9ರಂದು ತೀರಿಕೊಳ್ಳುವವರೆಗೂ ತೆಜುಕಾ ಬರೆಯುವುದನ್ನು ನಿಲ್ಲಿಸಲಿಲ್ಲ. ಅವರ ಗೆರೆಯನ್ನು ಅನುಕರಿಸಿದವರು ಬಹಳ. ಆದರೆ ನಾನು ಅವರಿಂದ ಕಲಿತದ್ದು ಗೆರೆಯನ್ನಲ್ಲ: ಯಾರಿಗೆ ಎಷ್ಟು ಚೌಕ ಕೊಡಬೇಕೆಂದು ತೀರ್ಮಾನಿಸುವಾಗ, ಯಾರ ಬದುಕು ಎಷ್ಟು ದೊಡ್ಡದೆಂದೂ ಕಲಾವಿದ ತೀರ್ಮಾನಿಸುತ್ತಿರುತ್ತಾನೆ. ತೆಜುಕಾ ಆ ಲೆಕ್ಕದಲ್ಲಿ ಮೊಲಕ್ಕೂ ಗುಲಾಮನಿಗೂ ಕಡಿಮೆ ಮಾಡಲಿಲ್ಲ.