ಒಲೆ ಒಂದೇ, ಲೆಕ್ಕ ಬೇರೆ

ನಮ್ಮ ಊರುಗಳಲ್ಲಿ ರೇಷನ್ ಕಾರ್ಡಿನ ಮಾತು ಬಂದರೆ 'ಒಲೆ ಒಂದೇನಾ, ಬೇರೆಯಾ?' ಎಂದು ಕೇಳುತ್ತಾರೆ. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದೇ ಮನೆಯವರು. ಅಮೆರಿಕದ ಆದಾಯ ತೆರಿಗೆ ಕಾನೂನೂ ಒಮ್ಮೆ ಹೀಗೆ ಯೋಚಿಸಿತ್ತು. ಮದುವೆಯಾಗದೆ ಜೊತೆಗೆ ಬಾಳುವವರು ಎದುರಾದಾಗ ಮಾತ್ರ ಅದು ಹಿಂಜರಿಯಿತು.

ಅಲ್ಲಿ 1917ರಲ್ಲಿ ಮಗುವೊಂದಕ್ಕೆ 200 ಡಾಲರ್ ವಿನಾಯಿತಿ ಬಂತು. 1944ರ ಕಾನೂನು ಅವಲಂಬಿತರಾಗಬಲ್ಲ ನೆಂಟರ ಪಟ್ಟಿಯನ್ನೇ ಬರೆದು, ತಲೆಗೆ 500 ಡಾಲರ್ ವಿನಾಯಿತಿ ಕೊಟ್ಟಿತು. 1954ರಲ್ಲಿ ಬಾಗಿಲು ಅಗಲವಾಯಿತು. ನೆಂಟರಲ್ಲದಿದ್ದರೂ ವರ್ಷವಿಡೀ ಅದೇ ಮನೆಯಲ್ಲಿದ್ದವರನ್ನು, ಅವರ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತವರು ಅವಲಂಬಿತರೆಂದು ತೋರಿಸಬಹುದಿತ್ತು.

ಅಲಬಾಮಾದ ಟರ್ನಿಪ್‌ಸೀಡ್ ಎಂಬವರು ತಮ್ಮ ಜೊತೆಗಿದ್ದ ಹೆಂಗಸನ್ನು ಹಾಗೆ ತೋರಿಸಿದರು. ಆಕೆಗೆ ಬೇರೊಬ್ಬರೊಂದಿಗೆ ಮದುವೆಯಾಗಿತ್ತು. 1957ರಲ್ಲಿ ತೆರಿಗೆ ನ್ಯಾಯಾಲಯ ಒಪ್ಪಲಿಲ್ಲ. ಮರುವರ್ಷ ಅಮೆರಿಕದ ಕಾಂಗ್ರೆಸ್ ಕಾನೂನಿಗೇ ಒಂದು ಸಾಲು ಸೇರಿಸಿತು: ಇಬ್ಬರ ಸಂಬಂಧ ಸ್ಥಳೀಯ ಕಾನೂನಿಗೆ ವಿರುದ್ಧವಾಗಿದ್ದರೆ ಆ ವ್ಯಕ್ತಿ ಮನೆಯ ಸದಸ್ಯರಲ್ಲ.

ಇಲ್ಲಿಂದ ತೆರಿಗೆ ರಾಜ್ಯದ ಗಡಿಯನ್ನು ನೋಡತೊಡಗಿತು. ನಾರ್ತ್ ಕ್ಯಾರೊಲಿನಾದಲ್ಲಿ ಮದುವೆಯಿಲ್ಲದ ಸಹಬಾಳ್ವೆಯನ್ನು ಅಪರಾಧವೆನ್ನುವ 1805ರ ಕಾನೂನಿತ್ತು. ಅದನ್ನೇ ಹಿಡಿದು 1979ರಲ್ಲಿ ಮೇಲ್ಮನವಿ ನ್ಯಾಯಾಲಯ ಎನ್ಸ್‌ಮಿಂಗರ್ ಎಂಬವರ ಬೇಡಿಕೆ ತಳ್ಳಿಹಾಕಿತು. ಮರುವರ್ಷ ಮಿಸೌರಿಯಲ್ಲಿ ಅಂಥದೇ ಬೇಡಿಕೆಯೊಂದು ಗೆದ್ದಿತು. ನಾರ್ತ್ ಕ್ಯಾರೊಲಿನಾದ ಆ ಹಳೆಯ ಕಾನೂನನ್ನು ಅಲ್ಲಿನದೇ ನ್ಯಾಯಾಲಯ ಅಸಿಂಧುವೆಂದದ್ದು 2006ರಲ್ಲಿ.

ಜೊತೆಗಾತಿಯ ಮಗುವಿನದು ಇನ್ನೊಂದು ತೊಡಕು. 2005ರಿಂದ ಜಾರಿಗೆ ಬಂದ ನಿಯಮದಂತೆ, ಬೇರೆ ತೆರಿಗೆದಾರರ ಲೆಕ್ಕಕ್ಕೆ ಸೇರಬಹುದಾದ ಮಗುವನ್ನು ಸಾಕುವವರು ತಮ್ಮ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹಾಗಾದರೆ ತಾಯಿಗೆ ಆದಾಯವೇ ಇಲ್ಲದಿದ್ದರೆ? ತಾಯಿ ರಿಟರ್ನ್ ಸಲ್ಲಿಸಬೇಕಿಲ್ಲದೆ, ಸಲ್ಲಿಸದೆಯೂ ಇದ್ದರೆ ಮಗುವನ್ನು ತೋರಿಸಬಹುದೆಂದು ತೆರಿಗೆ ಇಲಾಖೆ ಸ್ಪಷ್ಟಪಡಿಸಿದ್ದು 2008ರಲ್ಲಿ.

2018ರಿಂದ ಆ ವಿನಾಯಿತಿಯ ಮೊತ್ತವೇ ಸೊನ್ನೆ. ಅದರ ಬದಲಿಗೆ ಇಂಥ ಅವಲಂಬಿತರಿಗೆ ತೆರಿಗೆಯಲ್ಲಿ 500 ಡಾಲರ್‌ವರೆಗೆ ಕಡಿತವಿದೆ. ಮಕ್ಕಳಿಗೆಂದೇ ಇರುವ ದೊಡ್ಡ ರಿಯಾಯಿತಿ ಜೊತೆಗಾತಿಯ ಮಗುವಿನ ಹೆಸರಲ್ಲಿ ಸಿಗದು. ಕಾನೂನು ಹೇಳುವ ನಂಟು ಅಲ್ಲಿಲ್ಲ. ಶಾಲೆಯ ಶುಲ್ಕ, ಹಾಲಿನ ಖರ್ಚು ಎಲ್ಲವನ್ನೂ ಒಬ್ಬರೇ ಹೊತ್ತರೂ ಅಷ್ಟೇ.

1958ರ ಆ ಸಾಲು ಇಂದಿಗೂ ಕಾನೂನಿನಲ್ಲಿದೆ. ಯಾರು ಯಾರನ್ನು ಸಾಕುತ್ತಿದ್ದಾರೆ ಎಂದಷ್ಟೇ ಕೇಳಬೇಕಾದ ಅರ್ಜಿ, ಅವರು ಹೇಗೆ ಒಂದಾದರು ಎಂದೂ ಕೇಳಿದರೆ ನಷ್ಟ ಮಗುವಿನ ತಟ್ಟೆಗೂ ತಾಗುತ್ತದೆ. ಯಾವುದೇ ಯೋಜನೆಯ ಅರ್ಜಿಯಲ್ಲಿ 'ಕುಟುಂಬ' ಎಂಬ ಪದ ಕಂಡಾಗ, ಅದರಿಂದ ಹೊರಗುಳಿದವರು ಯಾರೆಂದು ನಾವು ನೋಡಬೇಕಿರುವುದು ಇದಕ್ಕೇ.